ನಮ್ಮ ಗೇಟಿಗೆ ಬಂದ ನಲವತ್ತು ಜೊತೆ ಬಾಳೆಕಂದು

ನಾನು ಓದಿದ್ದು ಒಂಬತ್ತನೇ ಕ್ಲಾಸು. ಅದನ್ನೂ ಪೂರ್ತಿ ಓದಲಿಲ್ಲ. ದಸರಾ ರಜೆಗೆಂದು ಬಿಟ್ಟ ಶಾಲೆಗೆ ಮತ್ತೆ ಹೋಗಲೇ ಇಲ್ಲ. ಸರಿಯಾಗಿ ಲೆಕ್ಕ ಹಾಕಿದರೆ ನನ್ನ ರಜೆ ಇನ್ನೂ ಮುಗಿದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಾನು ಸಾಫ್ಟ್‌ವೇರ್ ಇಂಜಿನಿಯರ್ ಎಂದ ಕೂಡಲೇ ಜನ ಕೇಳುವ ಎರಡನೇ ಪ್ರಶ್ನೆ ಯಾವ ಕಾಲೇಜು ಎಂಬುದು. ಮೊದಲ ಪ್ರಶ್ನೆ ಸಂಬಳದ್ದು.

ನನ್ನ ಕಾಲೇಜು ಕಾಮಾಕ್ಷಿಪಾಳ್ಯದ ಒಂದು ಲೇತ್ ಶಾಪು. ಹದಿನಾಲ್ಕು ವರ್ಷ ಅಲ್ಲಿ ಕಬ್ಬಿಣ ಕಡೆದೆ. ಲೇತಿನಲ್ಲಿ ಕಬ್ಬಿಣದ ತುಂಡನ್ನು ಕಚ್ಚಿ ಹಿಡಿಯುವ ಬಾಯಿಗೆ ಚಕ್ ಎನ್ನುತ್ತಾರೆ. ಅದನ್ನು ಬಿಗಿ ಮಾಡಲು ಟಿ ಆಕಾರದ ಒಂದು ಕೀ ಇರುತ್ತದೆ. ಬಿಗಿ ಮಾಡಿದ ಮೇಲೆ ಕೀ ತೆಗೆದು ಗೋಡೆಯ ಮೊಳೆಗೆ ಹಾಕಬೇಕು, ಆಮೇಲೆ ಸ್ವಿಚ್ಚು. ಕೀಯನ್ನು ಚಕ್ಕಿನಲ್ಲೇ ಮರೆತು ಸ್ವಿಚ್ಚು ಹಾಕಿದರೆ ಅದು ಎಲ್ಲಿಗೆ ಹಾರುತ್ತದೆಂದು ಹೇಳಲಾಗದು. ನಮ್ಮ ಶಾಪಿನ ಶೀಟಿನ ಸೂರಿನಲ್ಲಿ ಅಂಥ ಎರಡು ತೂತುಗಳಿದ್ದವು. ಮಳೆ ಬಂದಾಗ ಮೇಸ್ತ್ರಿ ಒಂದೊಂದರ ಕೆಳಗೂ ಬಕೆಟ್ ಇಟ್ಟು, ಅದನ್ನು ಮಾಡಿದವನ ಹೆಸರು ಹಿಡಿದು ಬೈಯುತ್ತಿದ್ದರು. ಒಂದು ಬಕೆಟ್ಟಿನ ಬೈಗುಳ ನನಗೆ.

ಕೀ ಮರೆತವನಿಗೆ ನಮ್ಮ ಶಾಪಿನಲ್ಲಿ ಶಿಕ್ಷೆ ಏನೆಂದರೆ, ಅದನ್ನು ತಂತಿಗೆ ಪೋಣಿಸಿ ಇಡೀ ದಿನ ಕೊರಳಲ್ಲಿ ಹಾಕಿಕೊಂಡಿರಬೇಕು. ಟೀ ಅಂಗಡಿಗೂ ಹಾಗೇ ಹೋಗಬೇಕು. ನಾನು ಹೋದಾಗ ಟೀ ಅಂಗಡಿಯಾತ, “ಏನಣ್ಣ, ತಾಳಿ ಜೋರಾಗಿದೆ, ಯಾವಾಗಾಯ್ತು ಮದ್ವೆ?” ಎಂದಿದ್ದ. ಅಂದಿನಿಂದ ಹದಿಮೂರು ವರ್ಷ, ಕೀ ಮೊಳೆಗೆ ಬೀಳುವ ಸದ್ದು ಕೇಳದೆ ನನ್ನ ಕೈ ಸ್ವಿಚ್ಚಿಗೆ ಹೋಗಲಿಲ್ಲ. ಕೆಲಸ ಬಿಡುವಾಗ ಮೇಸ್ತ್ರಿ ಅದೇ ಕೀಯನ್ನು ಕೈಗಿಟ್ಟು ಕಳಿಸಿದರು. ಅದೊಂದೇ ನನ್ನ ಪದವಿ ಪ್ರದಾನ.

ಲೇತಿನಿಂದ ಲ್ಯಾಪ್‌ಟಾಪಿಗೆ ನಾನು ಹಾರಲಿಲ್ಲ, ನಡೆದುಕೊಂಡೇ ಬಂದೆ. ಶಾಪಿಗೆ ಕಂಪ್ಯೂಟರಿನಿಂದ ನಡೆಯುವ ಲೇತ್ ಬಂತು. ಎಲ್ಲಿ ಎಷ್ಟು ಕಡೆಯಬೇಕೆಂದು ಅದಕ್ಕೆ ಸಾಲು ಸಾಲಾಗಿ ಬರೆದು ಕೊಡಬೇಕು. ಮಾಲೀಕರು ಡಿಪ್ಲೊಮಾ ಓದಿದ ಇಬ್ಬರನ್ನು ಕರೆತಂದರು. ಇಬ್ಬರೂ ಮೂರು ತಿಂಗಳಲ್ಲಿ ಬೇರೆ ಕಡೆ ಹೋದರು, ಮೆಷಿನ್ನು ಟಾರ್ಪಾಲ್ ಹೊದ್ದುಕೊಂಡು ಕುಳಿತಿತು. ನಾನು ಅದರ ಇಂಗ್ಲಿಷ್ ಪುಸ್ತಕವನ್ನು ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಆರು ತಿಂಗಳು ಓದಿದೆ. ಶಾಲೆಯಲ್ಲಿ ಒಂದು ಪುಟಕ್ಕೆ ಬರುತ್ತಿದ್ದ ನಿದ್ದೆ ಇದರಲ್ಲಿ ನಾನೂರು ಪುಟ ಕಳೆದರೂ ಬರಲಿಲ್ಲ. ನಾನು ಬರೆದಂತೆ ಕಬ್ಬಿಣ ನಡೆದುಕೊಂಡ ದಿನ, ಬೇರೆ ಏನೇನನ್ನು ಹೀಗೆ ನಡೆಸಬಹುದು ಎಂಬ ಆಸೆ ಹುಟ್ಟಿ, ವಿಜಯನಗರದಲ್ಲಿ ಸಂಜೆಯ ಕಂಪ್ಯೂಟರ್ ಕ್ಲಾಸಿಗೆ ಸೇರಿದೆ. ಮೊದಲ ದಿನ ನನ್ನನ್ನು ಫ್ಯಾನ್ ರಿಪೇರಿಗೆ ಬಂದವನೆಂದುಕೊಂಡರು. ಫ್ಯಾನನ್ನೂ ಸರಿಮಾಡಿ ಕೊಟ್ಟೆ.

ನಮ್ಮ ಕಂಪನಿಯ ಬಾಸ್ ನನಗೆ ಸಿಕ್ಕಿದ್ದು ಲೇತ್ ಶಾಪಿನಲ್ಲೇ. ನನಗಿಂತ ಹತ್ತು ವರ್ಷ ಚಿಕ್ಕವರು. ಮಲ್ಲಿಗೆ ಹೂವನ್ನು ತಾನೇ ಕಟ್ಟುವ ಮೆಷಿನ್ ಮಾಡಿಸಬೇಕೆಂದು ಡ್ರಾಯಿಂಗ್ ಹಿಡಿದು ಬಂದಿದ್ದರು. ಮೂರು ಸಲ ಮಾಡಿದೆವು. ಮೂರು ಸಲವೂ ಅದು ಮಲ್ಲಿಗೆಯನ್ನು ಚಟ್ನಿ ಮಾಡಿತು. ಮೆಷಿನ್ನು ಗುಜರಿಗೆ ಹೋಯಿತು, ಅದಕ್ಕೆ ಪ್ರೋಗ್ರಾಂ ಬರೆದ ನನ್ನನ್ನು ಅವರು ಇಟ್ಟುಕೊಂಡರು. ಹೂವನ್ನು ಕೈಯಲ್ಲೇ ಕಟ್ಟಿಸಿ ಮನೆಗಳಿಗೆ ಮುಟ್ಟಿಸುವ ಆ್ಯಪ್ ಮಾಡಿದೆವು. ಬಸವೇಶ್ವರನಗರದಲ್ಲಿ, ಮಿಕ್ಸಿ ರಿಪೇರಿ ಅಂಗಡಿಯ ಮೇಲಿನ ಒಂದು ರೂಮಿನಲ್ಲಿ ಐದು ಜನ ಇದ್ದೆವು. ಕೆಳಗೆ ಮಿಕ್ಸಿ ಓಡಿಸಿದರೆ ಮೇಲೆ ಮೀಟಿಂಗ್ ನಿಲ್ಲುತ್ತಿತ್ತು. ಅಷ್ಟು ಚುಟುಕಾದ ಮೀಟಿಂಗುಗಳನ್ನು ಆಮೇಲೆ ನಾನು ಕಾಣಲಿಲ್ಲ.

ಏಳು ವರ್ಷದಲ್ಲಿ ಕಂಪನಿ ಬೆಳೆದ ಪರಿ ನೋಡಿ ನನಗೇ ಗಾಬರಿ. ಈಗ ರಾಜಾಜಿನಗರದಲ್ಲಿ ಹಳೆಯ ಕಾರ್ಖಾನೆ ಒಡೆದು ಕಟ್ಟಿದ ಗಾಜಿನ ಕಟ್ಟಡದಲ್ಲಿ ನಾಲ್ಕು ಮಹಡಿ ನಮ್ಮದು. ಹೂವಿನ ಜೊತೆ ಬಾಳೆಕಂದು, ಮಾವಿನೆಲೆ, ವೀಳ್ಯದೆಲೆ, ಊರೆಲ್ಲ ಬೆಳಿಗ್ಗೆ ಏಳರೊಳಗೆ ತಲುಪಬೇಕು. ಕುರ್ಚಿಗಿಂತ ಮೊದಲು ಜನ ಬರುತ್ತಾರೆ. ಹೆಸರು ಕಲಿಯುವಷ್ಟರಲ್ಲಿ ಕೆಲವರಿಗೆ ಬೀಳ್ಕೊಡುಗೆಯ ಕೇಕು. ಎರಡು ವಾರದ ಕೆಲಸಕ್ಕೆ ಇವರು ಓಟದ ಪಂದ್ಯದ ಹೆಸರಿಟ್ಟು ಸ್ಪ್ರಿಂಟ್ ಎನ್ನುತ್ತಾರೆ. ಒಂದು ಓಟ ಮುಗಿದ ಮರುದಿನವೇ ಇನ್ನೊಂದು ಓಟ. ಹಾಗೆ ಓಡುವವನನ್ನು ನಾನು ಯಾವ ಮೈದಾನದಲ್ಲೂ ಕಂಡಿಲ್ಲ, ನಾಯಿ ಅಟ್ಟಿಸಿಕೊಂಡು ಬಂದಾಗ ಮಾತ್ರ ಕಂಡಿದ್ದೇನೆ. ದಿನಾ ಬೆಳಿಗ್ಗೆ ನಿಂತುಕೊಂಡೇ ಒಂದು ಮೀಟಿಂಗ್ ಇರುತ್ತದೆ. ಕಾಲು ನೋಯುವುದರಿಂದ ಮಾತು ಬೇಗ ಮುಗಿಯುತ್ತದೆ ಎಂಬುದು ಅದರ ತತ್ವ. ಲೇತಿನ ಮುಂದೆ ಒಂಬತ್ತು ಗಂಟೆ ನಿಂತ ಕಾಲು ನನ್ನದು. ಬೇಕೆಂದರೆ ಸಂಜೆಯವರೆಗೂ ಮಾತಾಡುತ್ತೇನೆ ಎಂದು ಮೊದಲ ದಿನವೇ ಹೇಳಿದ್ದೆ. ಅಂದಿನಿಂದ ನನ್ನನ್ನು ಕೊನೆಗೆ ಮಾತಾಡಿಸುತ್ತಾರೆ.

ನನ್ನ ಮೇಜಿನ ಮೇಲೆ ಆ ಚಕ್ಕಿನ ಕೀ ಇರುತ್ತದೆ. ನನ್ನ ಪಕ್ಕದಲ್ಲಿ ಕೂರುವ ಹುಬ್ಬಳ್ಳಿ ಕಡೆಯ ಹುಡುಗಿ, ಆಗಷ್ಟೇ ಕೆಲಸಕ್ಕೆ ಸೇರಿ ಪ್ರೊಬೇಷನ್‌ನಲ್ಲಿದ್ದವಳು, ಒಂದು ದಿನ ಅದನ್ನು ಎತ್ತಿ ನೋಡಿ, “ಇದೇನ್ರಿ ಸರ್, ಕಳ್ಳರಿಗಿ ಹೊಡಿಯಾಕ ಇಟ್ಟೀರೇನು?” ಎಂದಳು. ಕಥೆ ಹೇಳಿದೆ. ನಮ್ಮ ಕೆಲಸದಲ್ಲೂ ಅದೇ ನೋಡಮ್ಮ ಎಂದೆ. ಪರೀಕ್ಷೆಗೆಂದು ಪ್ರೋಗ್ರಾಮಿನಲ್ಲಿ ಏನೇನೋ ಸುಳ್ಳು ನಂಬರು, ಸುಳ್ಳು ಆರ್ಡರು ತುರುಕಿರುತ್ತೇವೆ. ಗಿರಾಕಿಗಳ ಕೈಗೆ ಹೋಗುವ ಮೊದಲು ಅದನ್ನೆಲ್ಲ ತೆಗೆಯಬೇಕು. ತೆಗೆಯದಿದ್ದರೆ ಹಾರುತ್ತದೆ. ನನ್ನದು ಒಂದೂ ಹಾರಿಲ್ಲ, ಏಳು ವರ್ಷದಲ್ಲಿ ಒಂದೂ.

ಇದನ್ನು ನಾನು ಅವಳೊಬ್ಬಳಿಗೆ ಹೇಳಿದ್ದಲ್ಲ. ಹೊಸದಾಗಿ ಸೇರಿದ ಪ್ರತಿಯೊಬ್ಬರಿಗೂ ಹೇಳುತ್ತಿದ್ದೆ. ಡಿಗ್ರಿ ಇದ್ದವರಿಗೆ ಎರಡು ಸಲ ಹೇಳುತ್ತಿದ್ದೆ.

ಶ್ರಾವಣ ಬಂತು. ವರಮಹಾಲಕ್ಷ್ಮಿ ಹಬ್ಬ ನಮ್ಮ ಕಂಪನಿಗೆ ವಾರ್ಷಿಕ ಪರೀಕ್ಷೆ ಇದ್ದ ಹಾಗೆ. ಆ ಸಲ ನನಗೆ ಕೊಟ್ಟ ಕೆಲಸ ವಿಳಾಸದ್ದು. ನಮ್ಮ ಕಡೆಯ ವಿಳಾಸಗಳು ನಿಮಗೆ ಗೊತ್ತೇ ಇವೆ. ಮೂರನೇ ಕ್ರಾಸ್ ಎಂದರೆ ರಾಜಾಜಿನಗರದಲ್ಲೂ ಇದೆ, ವಿಜಯನಗರದಲ್ಲೂ ಇದೆ, ಪ್ರತಿ ಬ್ಲಾಕಿನಲ್ಲೂ ಇದೆ. ಶ್ರೀಗಂಧದ ಕಾವಲಿನ ಹೊಸ ಬಡಾವಣೆಗಳಲ್ಲಿ ಹದಿನೆಂಟನೇ ನಂಬರಿನ ಪಕ್ಕ ನೂರಾ ನಾಲ್ಕು ಇರುತ್ತದೆ. ಜನ ಬರೆಯುವುದು ‘ಗಣೇಶನ ಗುಡಿ ಹಿಂದೆ, ನೀಲಿ ಗೇಟು, ನಾಯಿ ಇದೆ’ ಎಂದು. ಹೀಗೆ ಕಂಪ್ಯೂಟರಿಗೆ ಅರ್ಥವಾಗದ ವಿಳಾಸ ಬಂದರೆ ಆ ಆರ್ಡರನ್ನು ತಡೆದು, ಗಿರಾಕಿಗೆ ಫೋನ್ ಮಾಡಿ ಕೇಳುವವರ ಹತ್ತಿರ ಕಳಿಸಬೇಕು. ಅದನ್ನು ನಾನು ಬರೆದೆ. ಬರೆಯುವಾಗ ಪರೀಕ್ಷೆಗೆಂದು, ಅರ್ಥವಾಗದ ವಿಳಾಸವೆಲ್ಲ ಅತ್ತಿಗುಪ್ಪೆಯ ನಮ್ಮ ಮನೆಗೆ ಬರಲಿ ಎಂದು ಒಂದು ಸಾಲು ಹಾಕಿದ್ದೆ. ಪರೀಕ್ಷೆ ಮಾಡಿ ಹಾಳು ಮಾಡುವುದಿದ್ದರೆ ನಮ್ಮದನ್ನೇ ಹಾಳು ಮಾಡಿಕೊಳ್ಳಬೇಕು ಎಂಬುದೂ ಮೇಸ್ತ್ರಿಯ ಪಾಠವೇ.

ಆ ಸಾಲನ್ನು ತೆಗೆಯಲು ಕೈ ಇಟ್ಟಿದ್ದೆ. ಆಗ ಎಚ್‌ಆರ್ ಮೇಡಂ ಅವರ ಮೇಲ್ ಬಂತು. ಎಲ್ಲರೂ ಸೋಮವಾರದೊಳಗೆ ವಿದ್ಯಾರ್ಹತೆಯ ಸರ್ಟಿಫಿಕೇಟ್ ಹಾಕಬೇಕು, ಹಾಕದವರ ಕೆಲಸ ಮುಂದುವರಿಯುವುದಿಲ್ಲ ಎಂದಿತ್ತು. ನಾನು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನೇರವಾಗಿ ಅವರ ಮಹಡಿಗೆ ಹೋದೆ.

“ಸರ್, ಏನೂ ಕಷ್ಟ ಇಲ್ಲ, ಫಾರಂನಲ್ಲಿ ಒಂದನ್ನ ಸೆಲೆಕ್ಟ್ ಮಾಡ್ಬೇಕು ಅಷ್ಟೇ,” ಎಂದರು ಮೇಡಂ, ಪರದೆ ತಿರುಗಿಸಿ. “ಪಿಎಚ್‌ಡಿ, ಮಾಸ್ಟರ್ಸ್, ಡಿಗ್ರಿ, ಡಿಪ್ಲೊಮಾ.”

“ಅದರ ಕೆಳಗೆ ಏನಿದೆ ಮೇಡಂ?”

“ಅದರ ಕೆಳಗೆ ಸಬ್‌ಮಿಟ್ ಬಟನ್ ಇದೆ ಸರ್.”

ಅಲ್ಲಿಂದ ಬಾಸ್ ಹತ್ತಿರ ಹೋದೆ. ಅವರು ನನ್ನನ್ನು ಮೊದಲಿನಿಂದಲೂ ಮೇಸ್ತ್ರಿ ಎಂದೇ ಕರೆಯುತ್ತಾರೆ.

“ಮೇಸ್ತ್ರಿ, ಹೊಸದಾಗಿ ದುಡ್ಡು ಹಾಕಿರೋರು ಪೇಪರ್ ಎಲ್ಲಾ ಕರೆಕ್ಟಾಗಿರ್ಬೇಕು ಅಂತಿದಾರೆ. ನಿಮಗೊಂದು ದಾರಿ ಮಾಡಕ್ಕೆ ನೋಡ್ತಾ ಇದೀನಿ. ಸೋಮವಾರ ಕೂತು ಮಾತಾಡೋಣ. ಅಲ್ಲೀವರೆಗೂ ಏನೂ ಯಡವಟ್ಟು ಮಾಡ್ಕೋಬೇಡಿ.”

“ಏಳು ವರ್ಷದಲ್ಲಿ ಒಂದಾದ್ರೂ ಮಾಡಿದೀನಾ ಸಾರ್?”

“ಅದಕ್ಕೇ ಹೇಳ್ತಾ ಇರೋದು.”

ತಲೆ ಬಿಸಿಯಾಗಿ ವಾಪಸು ಬಂದು ಕೂತೆ. ಕೆಲಸ ಮುಗಿದಿದೆ ಎಂದು ಗುರುತು ಹಾಕಿ ಪ್ರೋಗ್ರಾಮನ್ನು ಮುಂದಕ್ಕೆ ಕಳಿಸಿದೆ. ಸ್ವಿಚ್ಚು ಹಾಕಿದ್ದೆ, ಕೀ ಚಕ್ಕಿನಲ್ಲೇ ಇತ್ತು.

ಹಬ್ಬದ ಶುಕ್ರವಾರ ಬೆಳಿಗ್ಗೆ ಆರು ಗಂಟೆ. ನನ್ನ ಹೆಂಡತಿ ಕಲಶಕ್ಕೆ ಸೀರೆ ಉಡಿಸುತ್ತಿದ್ದಳು. ಸೀರೆಯ ನೆರಿಗೆ ಹಿಡಿದುಕೊಂಡು ನಿಲ್ಲುವ ಕೆಲಸ ನನಗೆ. ಕೆಳಗಿನಿಂದ ಯಾರೋ ಕೂಗಿದರು. ನಮ್ಮ ಕಂಪನಿಯ ಡೆಲಿವರಿ ಹುಡುಗ, ಬೈಕಿನ ಹಿಂದೆ ಒಂದು ಜೊತೆ ಬಾಳೆಕಂದು, ಕೈಯಲ್ಲಿ ತಾವರೆ. ನಾವು ಆರ್ಡರ್ ಮಾಡಿಲ್ಲ ಎಂದೆ. ಅವನು ಫೋನ್ ತೋರಿಸಿದ. ಮ್ಯಾಪಿನ ಚುಕ್ಕೆ ನಮ್ಮ ಗೇಟಿನ ಮೇಲೇ ಕೂತಿತ್ತು. ಎಲ್ಲೋ ಒಂದು ತಪ್ಪಾಗಿರಬೇಕು ಎಂದು ಹೇಳುವಷ್ಟರಲ್ಲಿ ಎರಡನೆಯವನು ಬಂದ. ಅವನ ಹಿಂದೆ ಮೂರನೆಯವನು. ರಂಗೋಲಿ ತುಳಿಯಬಾರದೆಂದು ಮೂವರೂ ಬೈಕುಗಳನ್ನು ಓರೆಯಾಗಿ ನಿಲ್ಲಿಸಿದರು.

ಹೆಂಡತಿ ಬಾಲ್ಕನಿಯಿಂದ ಬಗ್ಗಿ ನೋಡಿದಳು. “ಏನ್ರೀ, ನಿಮ್ಮ ಕಂಪನಿಗೆ ನನ್ನ ಮೇಲೆ ಇಷ್ಟೊಂದು ಭಕ್ತಿ ಯಾವಾಗಿಂದ?”

ಆರನೆಯ ಬೈಕು ತಿರುವಿನಲ್ಲಿ ಕಂಡಾಗ ನನಗೆ ಹೊಳೆಯಿತು. ಹದಿನಾರನೇ ವಯಸ್ಸಿನಲ್ಲಿ ಶೀಟಿನ ಸೂರಿಗೆ ಕೀ ಬಡಿದ ಠಣ್ ಸದ್ದೇ ಮತ್ತೆ ಕೇಳಿಸಿದಂತಾಯಿತು. ಮೇಲೆ ಓಡಿ ಲ್ಯಾಪ್‌ಟಾಪ್ ತೆಗೆದು ಆ ಸಾಲನ್ನು ಅಳಿಸಿದೆ. ಅದಕ್ಕೆ ಹಿಡಿದದ್ದು ಮೂರೇ ನಿಮಿಷ. ಆದರೆ ಅಷ್ಟರಲ್ಲಿ ಗೋದಾಮುಗಳಿಂದ ಹೊರಟುಬಿಟ್ಟವರು ಇನ್ನೂ ಮೂವತ್ತು ಚಿಲ್ಲರೆ ಜನ. ಕೆಂಗೇರಿ ಕಡೆಯಿಂದ, ಮಾಗಡಿ ರಸ್ತೆ ಕಡೆಯಿಂದ, ಎಲ್ಲರ ಚುಕ್ಕೆಯೂ ನಮ್ಮ ಗೇಟೇ.

ಕೆಳಗೆ ಬಂದರೆ ನಮ್ಮ ಬಾಡಿಗೆ ಮನೆಯ ಓನರ್ ಆಂಟಿ ಆಗಲೇ ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಅವರು ಅಂಚೆ ಇಲಾಖೆಯಲ್ಲಿ ಮೂವತ್ತು ವರ್ಷ ಕಾಗದ ವಿಂಗಡಿಸಿ ನಿವೃತ್ತರಾದವರು. ಮೂಗಿನ ಮೇಲೆ ಕನ್ನಡಕ, ತಲೆಯಲ್ಲಿ ಹಬ್ಬದ ಮಲ್ಲಿಗೆ.

“ಏನು ಬರ್ದಿದೆ ಓದಪ್ಪ,” ಎಂದರು ಮೊದಲನೆಯವನಿಗೆ.

“ಗಣೇಶನ ಗುಡಿ ಹಿಂದೆ, ನೀಲಿ ಗೇಟು ಅಂತ ಆಂಟಿ.”

“ಪಿನ್ ಕೋಡ್ ಕೊನೇದು ಎಷ್ಟು? ಹಾಂ, ಹಾಗಾದ್ರೆ ವಿಜಯನಗರ ಅಲ್ಲ, ಬಸವೇಶ್ವರನಗರ. ಆ ಗುಡಿ ಹಿಂದೆ ಇರೋದು ಮೂರೇ ಮನೆ, ಒಂದಕ್ಕೇ ಗೇಟಿರೋದು. ಈಗ ಬೇರೆ ಬಣ್ಣ ಹೊಡ್ಸಿರ್ತಾರೆ, ನೀನು ಬಣ್ಣ ನೋಡ್ಬೇಡ, ಹೋಗು. ನೆಕ್ಸ್ಟ್.”

ನಾನು ಪಕ್ಕದಲ್ಲಿ ನಿಂತು, ಅವರು ಹೇಳಿದ ಜಾಗ ಸರಿಯೇ ಎಂದು ಗಿರಾಕಿಗಳಿಗೆ ಫೋನ್ ಹಚ್ಚಿ ಕೇಳತೊಡಗಿದೆ. ನಾಲ್ಕು ಫೋನ್ ಆದ ಮೇಲೆ ಅದೂ ದಂಡ ಎನಿಸಿತು. ನಾಲ್ಕೂ ಸರಿಯಾಗಿದ್ದವು. ಹೆಂಡತಿ ಕಲಶವನ್ನು ಅರ್ಧಕ್ಕೆ ಬಿಟ್ಟು ಕೆಳಗಿಳಿದು ಬೈಕುಗಳ ಸಾಲು ನೋಡಿಕೊಂಡಳು. ಕೆಂಗೇರಿಗೆ ಹೋಗುವವರನ್ನು ಒಂದು ಕಡೆ, ರಾಜಾಜಿನಗರದವರನ್ನು ಇನ್ನೊಂದು ಕಡೆ ನಿಲ್ಲಿಸಿದಳು. ಬೀದಿಯ ತುಂಬ ಬಾಳೆಕಂದು. ಎದುರುಮನೆಯವರು ಹೊರಗೆ ಬಂದು, “ಏನು ಆಂಟಿ, ಮದುವೆ ಮನೆಯಾ?” ಎಂದು ಕೇಳಿದರು.

“ಇವನ ಕಂಪ್ಯೂಟರ್‌ಗೆ ತಲೆ ಕೆಟ್ಟಿದೆ. ಅದಕ್ಕೆ ನಾನು ಡ್ಯೂಟಿಗೆ ಬಂದಿದೀನಿ,” ಎಂದರು ಆಂಟಿ, ನನ್ನ ಕಡೆ ನೋಡದೆ.

ಒಂದರ ಮೇಲೆ ಮಾತ್ರ ಬರೀ ‘ಅಮ್ಮನ ಮನೆ ಮೇಲ್ಗಡೆ’ ಎಂದಿತ್ತು. ಆಂಟಿ ಅದನ್ನು ಎರಡು ಸಲ ಓದಿಸಿ, “ಇದನ್ನ ಬರ್ದೋಳಿಗೂ ಅಮ್ಮನಿಗೂ ಬಿಟ್ರೆ ಯಾರಿಗೂ ಗೊತ್ತಿಲ್ಲ,” ಎಂದು ಕೈಬಿಟ್ಟರು. ಅದಕ್ಕೆ ನಾನೇ ಫೋನ್ ಮಾಡಬೇಕಾಯಿತು. ಏಳೂಕಾಲಿಗೆ ಕೊನೆಯ ಬೈಕು ಹೊರಟಿತು. ಎಣಿಸಿದಂತೆ ನಲವತ್ತು.

ಮನೆಯಲ್ಲಿ ಪೂಜೆ ಮುಗಿಸಿ, ಒಬ್ಬಟ್ಟು ತಿಂದು, ಹೇಗೂ ದಾಟಿದೆವು ಎಂದುಕೊಂಡು ಫೋನ್ ನೋಡಿದೆ. ಆಫೀಸಿನ ಗ್ರೂಪಿನಲ್ಲಿ ನಮ್ಮ ಪ್ರೋಗ್ರಾಂ ವಿಭಾಗದ ಹೊಸ ಮುಖ್ಯಸ್ಥರ ಮೆಸೇಜು. ದೊಡ್ಡ ಕಂಪನಿಯಿಂದ ಎರಡು ತಿಂಗಳ ಹಿಂದೆ ಬಂದ ಯುವಕ. ಅರ್ಥವಾಗದ ವಿಳಾಸಗಳೆಲ್ಲ ಯಾವುದೋ ಒಂದೇ ಜಾಗಕ್ಕೆ ಹೋಗಿವೆ, ಆ ಸಾಲು ಯಾರದೆಂದು ಸಿಕ್ಕಿದೆ, ಹತ್ತೂವರೆಗೆ ಮೀಟಿಂಗು ಎಂದು ಬರೆದಿದ್ದರು. ಸಿಕ್ಕಿದ ಹೆಸರು ಹುಬ್ಬಳ್ಳಿಯ ಹುಡುಗಿಯದು.

ಅದು ಹೇಗೆಂದು ನನಗೆ ತಕ್ಷಣ ತಿಳಿಯಿತು. ಪ್ರೋಗ್ರಾಮಿನ ಪ್ರತಿ ಸಾಲನ್ನೂ ಕೊನೆಗೆ ಯಾರು ಮುಟ್ಟಿದರು ಎಂಬ ದಾಖಲೆ ಇರುತ್ತದೆ. ಹಿಂದಿನ ದಿನವಷ್ಟೇ ಅವಳು ನನ್ನ ಫೈಲನ್ನು ತೆರೆದು, ನಾನು ಅಡ್ಡಾದಿಡ್ಡಿ ಬರೆದಿದ್ದ ಸಾಲುಗಳನ್ನೆಲ್ಲ ಅಂಚು ಹಿಡಿದು ನೆಟ್ಟಗೆ ಮಾಡಿದ್ದಳು. ಹಾಗಾಗಿ ಬೆಳಿಗ್ಗೆ ನಾನು ಅಳಿಸುವ ಮೊದಲಿನ ಪ್ರತಿಯಲ್ಲಿ, ನನ್ನ ಪ್ರತಿ ಸಾಲಿನ ಮೇಲೂ ಅವಳ ಹೆಸರಿತ್ತು. ಅದರ ಹಿಂದಿನ ದಾಖಲೆಯನ್ನು ಅಗೆದು ನೋಡಿದರೆ ನನ್ನ ಹೆಸರು ಸಿಗುತ್ತದೆ. ಆದರೆ ಓಟದಲ್ಲಿರುವವರು ಅಗೆಯುವುದಿಲ್ಲ. ಅವಳ ಪ್ರೊಬೇಷನ್ ಮುಗಿಯುವುದೂ ಅದೇ ಸೋಮವಾರ.

ಬೈಕಿನಲ್ಲಿ ಹೊರಟೆ. ಟೋಲ್‌ಗೇಟ್ ಸಿಗ್ನಲಿನಲ್ಲಿ ನಿಂತಾಗ ನಾನು ಯೋಚಿಸಿದ್ದನ್ನು ಮುಚ್ಚಿಡುವುದಿಲ್ಲ. ಅವಳಿಗೆ ಡಿಗ್ರಿ ಇದೆ, ಇಲ್ಲಿ ಹೋದರೆ ಇನ್ನೊಂದು ಕಡೆ ಸಿಗುತ್ತದೆ. ನನಗೆ ಇದು ಹೋದರೆ ಫಾರಂನಲ್ಲಿ ಇರುವುದು ಸಬ್‌ಮಿಟ್ ಬಟನ್ ಒಂದೇ. ಹೀಗೆ ಯೋಚಿಸುತ್ತ ಹಸಿರು ದೀಪ ಬಂದದ್ದೂ ಕಾಣಲಿಲ್ಲ. ಹಿಂದಿದ್ದ ಆಟೋದವರು, “ಹಬ್ಬದ ನಿದ್ದೇನಾ ಅಣ್ಣ?” ಎಂದರು. ಮುಂದಿನ ಸಿಗ್ನಲಿನಲ್ಲಿ ಬೇರೆ ಯೋಚನೆ ಬಂತು. ಮೇಸ್ತ್ರಿಯ ಶಾಪಿನಲ್ಲಿ ಇಷ್ಟು ವರ್ಷದಲ್ಲಿ ಎಷ್ಟೋ ಜನ ಕೀ ಮರೆತಿದ್ದಾರೆ. ಕೀಯನ್ನು ಇನ್ನೊಬ್ಬರ ಕೊರಳಿಗೆ ಹಾಕಿಸಿದವನು ಒಬ್ಬನೂ ಇರಲಿಲ್ಲ. ಅಂಥವನು ಇದ್ದಿದ್ದರೆ ಅವನಿಗೆ ಬಕೆಟ್ ಸಾಲುತ್ತಿರಲಿಲ್ಲ.

ಮೀಟಿಂಗ್ ರೂಮಿನಲ್ಲಿ ಬಾಸ್, ಎಚ್‌ಆರ್ ಮೇಡಂ, ಮುಖ್ಯಸ್ಥರು ಕೂತಿದ್ದರು. ಹುಡುಗಿ ನಿಂತಿದ್ದಳು. ಹಬ್ಬಕ್ಕೆ ರೇಷ್ಮೆ ಸೀರೆ ಉಟ್ಟು ಬಂದಿದ್ದಳು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು.

“ನಾ ಬರೇ ಸಾಲು ನೆಟ್ಟಗ ಮಾಡೀನ್ರಿ ಸರ್. ಒಳಗ ಏನೈತಿ ಅಂತ ನೋಡಿಲ್ರಿ,” ಎನ್ನುತ್ತಿದ್ದಳು.

“ನೋಡ್ದೆ ಹೆಂಗ್ ಚೇಂಜ್ ಮಾಡ್ತೀರಾ?” ಎಂದರು ಮುಖ್ಯಸ್ಥರು.

ನಾನು ಕುರ್ಚಿ ಎಳೆದುಕೊಂಡು ಕೂತೆ. “ಆ ಸಾಲು ನಂದು ಸಾರ್. ಆ ಜಾಗ ನಮ್ಮನೆ.”

ಮುಖ್ಯಸ್ಥರು ಮ್ಯಾಪಿನಲ್ಲಿ ಆ ಜಾಗವನ್ನು ತೆರೆದು ಬೀದಿಯ ಫೋಟೋ ಒತ್ತಿದರು. ಗೋಡೆಯ ದೊಡ್ಡ ಪರದೆಯ ಮೇಲೆ ನಮ್ಮ ಮನೆ ಬಂತು. ಬಾಲ್ಕನಿಯಲ್ಲಿ ನನ್ನ ಎರಡು ಬನಿಯನ್‌ಗಳು ಒಣಗುತ್ತಿದ್ದವು. ಗೇಟು ಹಿಡಿದುಕೊಂಡು ಓನರ್ ಆಂಟಿ ಕ್ಯಾಮೆರಾವನ್ನೇ ದುರುಗುಟ್ಟಿ ನೋಡುತ್ತಿದ್ದರು. ಮ್ಯಾಪಿನವರು ಮುಖವನ್ನು ಮಸುಕು ಮಾಡಿದ್ದರು, ಆದರೂ ದುರುಗುಟ್ಟುವುದು ತಿಳಿಯುತ್ತಿತ್ತು.

“ಮೇಸ್ತ್ರಿ,” ಎಂದರು ಬಾಸ್, ಬಹಳ ನಿಧಾನವಾಗಿ, “ಸೋಮವಾರದವರೆಗೂ ಅಂದಿದ್ದೆ.”

“ಹೇಳಿದ್ರಿ ಸಾರ್. ನೀವು ಹೇಳಿದ ಹತ್ತೇ ನಿಮಿಷಕ್ಕೆ ಆಗೋಯ್ತು.”

“ಇದಕ್ಕೇ ಸರ್ ನಾವು ಕ್ವಾಲಿಫಿಕೇಷನ್ ಕೇಳೋದು,” ಎಂದರು ಎಚ್‌ಆರ್ ಮೇಡಂ.

ನನಗೆ ಸಿಟ್ಟು ಬಂತು. ಬಂದ ಸಿಟ್ಟನ್ನು ಅರ್ಧ ನುಂಗಿದೆ, ಇನ್ನರ್ಧ ಹೊರಗೆ ಬಂತು. “ಮೇಡಂ, ಈ ತಪ್ಪು ಮಾಡಕ್ಕೆ ಓದು ಬೇಕಾಗಿಲ್ಲ, ಸರಿ. ಆದ್ರೆ ಓದಿದ್ರೆ ಮಾಡಲ್ಲ ಅಂತ ಯಾವ ಸರ್ಟಿಫಿಕೇಟಲ್ಲಿ ಬರ್ದಿದೆ ತೋರ್ಸಿ. ನಾನು ಮರ್ತೆ. ಸಿಟ್ಟಲ್ಲಿ ಎದ್ದು ಹೋಗಿ ಮರ್ತೆ. ಏನ್ ಮಾಡ್ತೀರೋ ನನಗೆ ಮಾಡಿ. ಆ ಮಗೂನ ಕೂರ್ಸಿ ಮೊದಲು.”

ಮುಖ್ಯಸ್ಥರು ಪರದೆಯಿಂದ ಕಣ್ಣು ತೆಗೆಯದೆ ಕೇಳಿದರು: “ಒಂದ್ ನಿಮಿಷ. ನಲವತ್ತು ಆರ್ಡರ್ ಅಲ್ಲಿಗ್ ಹೋಗಿದೆ. ಆದ್ರೆ ಬಂದಿರೋದು ಎರಡೇ ಕಂಪ್ಲೇಂಟ್. ಉಳಿದವು ಹೆಂಗ್ ತಲುಪಿದ್ವು?”

ಪರದೆಯ ಮೇಲಿನ ಆಂಟಿಯನ್ನು ತೋರಿಸಿದೆ. ನಡೆದದ್ದನ್ನು ಹೇಳಿದೆ. ಬಾಸ್‌ಗೆ ನಗು ತಡೆಯಲಾಗಲಿಲ್ಲ, ಆದರೆ ಸೋಮವಾರದ ಮಾತು ಸೋಮವಾರವೇ ಎಂದು ಎದ್ದರು.

ನನ್ನ ಮೇಜಿಗೆ ಬಂದರೆ ಚಕ್ಕಿನ ಕೀ ಇದ್ದ ಜಾಗದಲ್ಲಿ ಇರಲಿಲ್ಲ. ಕೀಬೋರ್ಡಿನ ಮೇಲಿತ್ತು. ಅದರ ಕಣ್ಣಿಗೆ ಬಾಳೆನಾರು ಪೋಣಿಸಿ ಗಂಟು ಹಾಕಿತ್ತು. ಪಕ್ಕದ ಕುರ್ಚಿಯಿಂದ ಅವಳು ತಿರುಗಿ ನೋಡದೆ ಹೇಳಿದಳು: “ಹಾಕ್ಕೋರಿ ಸರ್. ನಿಮ್ಮ ಕಾನೂನಲ್ರಿ?”

ಹಾಕಿಕೊಂಡೆ. ಸಂಜೆಯವರೆಗೂ ತೆಗೆಯಲಿಲ್ಲ. ಕ್ಯಾಂಟೀನಿನಲ್ಲಿ ಇಬ್ಬರು ಅದು ಯಾವುದೋ ವ್ರತದ್ದೆಂದುಕೊಂಡು ಕೈಮುಗಿದರು.

ಸೋಮವಾರ ಬಾಸ್ ಕರೆದರು. ಕೆಲಸದಲ್ಲಿ ಇರಿ ಎಂದರು. ಅರ್ಥವಾಗದ ವಿಳಾಸಗಳಿಗೆ ನಮ್ಮ ಆಂಟಿಯಂಥ ನಾಲ್ಕು ಜನ ಅಂಚೆಯವರನ್ನು ಕೂರಿಸಿ, ಅವರು ಓದುವ ಹಾಗೆ ಪ್ರೋಗ್ರಾಂ ಮಾಡಿಕೊಡಿ ಎಂದರು. ಆಂಟಿಯನ್ನೂ ಕೇಳಿ ಎಂದರು. ಆಂಟಿ ಆಮೇಲೆ ಒಪ್ಪಿಕೊಂಡರು, ಆದರೆ ಮಧ್ಯಾಹ್ನ ಎರಡರಿಂದ ನಾಲ್ಕು ಮಲಗುವ ಹೊತ್ತು, ಆಗ ಯಾರೂ ಹೂವು ತರಿಸಬಾರದು ಎಂಬ ಷರತ್ತಿನ ಮೇಲೆ. ಹುಡುಗಿಯ ಕೆಲಸ ಖಾಯಂ ಆಯಿತು. ಇಷ್ಟೆಲ್ಲ ಹೇಳಿ ಬಾಸ್ ದನಿ ಬದಲಿಸಿದರು.

“ಆದ್ರೆ ವಾರ್ನಿಂಗ್ ಲೆಟರ್ ಕೊಡ್ಲೇಬೇಕು ಮೇಸ್ತ್ರಿ. ನಿಮ್ಮ ಫೈಲಲ್ಲಿ ಇರತ್ತೆ.”

“ಕೊಡಿ ಸಾರ್. ನನ್ನ ಹೆಸರಲ್ಲಿರೋ ಮೊದಲನೇ ಸರ್ಟಿಫಿಕೇಟು.”

ಆ ಪತ್ರ ಮಾತ್ರ ಅಂದು ಬರಲಿಲ್ಲ. ಮರುದಿನವೂ ಬರಲಿಲ್ಲ. ಬುಧವಾರ ನನ್ನ ಪರದೆಯ ಮೇಲೆ ಒಂದು ಕೆಲಸ ಬಂತು. ಕಳಿಸಿದವರು ಎಚ್‌ಆರ್ ಮೇಡಂ. ನೌಕರರ ಫಾರಂನಲ್ಲಿ ವಿದ್ಯಾರ್ಹತೆ ತುಂಬದಿದ್ದರೆ ಎಚ್ಚರಿಕೆ ಪತ್ರವನ್ನೂ ಸೇರಿಸಲು ಆಗುತ್ತಿಲ್ಲ, ದಯವಿಟ್ಟು ಡಿಪ್ಲೊಮಾದ ಕೆಳಗೆ ಇನ್ನೊಂದು ಆಯ್ಕೆ ಹಾಕಿಕೊಡಿ ಎಂದು ಬರೆದಿದ್ದರು. ನನ್ನನ್ನು ಬೈಯುವುದಕ್ಕೂ ನನಗೆ ಡಿಗ್ರಿ ಇರಬೇಕಿತ್ತು.

ಹೊಸ ಆಯ್ಕೆಗೆ ಏನು ಹೆಸರಿಡಬೇಕೆಂದು ಅವರು ಬರೆದಿರಲಿಲ್ಲ. ‘ಇತರೆ’ ಎಂದು ಹಾಕಿದ್ದರೆ ನಡೆಯುತ್ತಿತ್ತು. ನನ್ನ ಹದಿನಾಲ್ಕು ವರ್ಷವನ್ನು ಇತರೆ ಎನ್ನಲು ಕೈ ಬರಲಿಲ್ಲ. ‘ಒಂಬತ್ತನೇ ತರಗತಿ’ ಎಂದು ಬರೆದೆ. ಪರೀಕ್ಷೆಗೆ ಬೇರೆಯವರ ಫೈಲು ಯಾಕೆ, ನನ್ನದನ್ನೇ ತೆರೆದು ಅದನ್ನು ಆರಿಸಿ, ಸಬ್‌ಮಿಟ್ ಒತ್ತಿದೆ. ತೆಗೆದುಕೊಂಡಿತು. ಪರೀಕ್ಷೆಗೆ ಹಾಕಿದ್ದ ಸಾಲುಗಳನ್ನೆಲ್ಲ ಅಳಿಸಿ, ಮುಂದಕ್ಕೆ ಕಳಿಸಲು ಬೆರಳು ಇಟ್ಟೆ.

“ಕೀ ತಗದ್ರೇನ್ರಿ ಸರ್?” ಎಂದಳು ಪಕ್ಕದವಳು.

ತೆಗೆದಿದ್ದೆ. ಆದರೂ ಮೊದಲಿನಿಂದ ಇನ್ನೊಂದು ಸಲ ಓದಿ ನೋಡಿದೆ.